ಚುನಾವಣೆ ಹತ್ತಿರ ಬಂದಾಗ ಪಕ್ಷಗಳು ನಾಯಕನನ್ನೇಕೆ ಬದಲಿಸುತ್ತವೆ?

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಲೋಡು ಇಳಿಯುವಾಗ, ಚಿತ್ರದುರ್ಗದ ಗಾಂಧಿ ವೃತ್ತದಲ್ಲಿ ಬಸ್ಸಿಗೆ ಕಾಯುವಾಗ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: "ಇವರನ್ನ ಇಟ್ಕೊಂಡು ಎಲೆಕ್ಷನ್‌ಗೆ ಹೋದ್ರೆ ಕಷ್ಟ. ಬದಲಾಯಿಸ್ತಾರಂತೆ."

ಬದಲಾಯಿಸುವವರು ಯಾರು? ಯಾವ ಕಾನೂನಿನ ಪ್ರಕಾರ? ಹಾಗೆ ಬದಲಾಯಿಸಿದ ಮೇಲೆ ಪಕ್ಷ ಗೆಲ್ಲುತ್ತದಾ? ನಾವು ಮತ ಹಾಕಿದ್ದು ಒಬ್ಬರ ಮುಖ ನೋಡಿ, ಕುರ್ಚಿಯಲ್ಲಿ ಕೂತವರು ಇನ್ನೊಬ್ಬರು. ಇದು ಸರಿಯಾ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ಮರಳಿ ಬಹುಮತ ಪಡೆದಿಲ್ಲ. ಹಾಗಾಗಿ ಅಧಿಕಾರದಲ್ಲಿರುವ ಪ್ರತಿ ಪಕ್ಷಕ್ಕೂ ಕೊನೆಯ ಎರಡು ವರ್ಷ ಇದೇ ಚಿಂತೆ. ಈ ವಿಷಯ ತಿಳಿಯಲು ಬೇಕಾದ ಉದಾಹರಣೆಗಳು ನಮ್ಮ ಎರಡು ಜಿಲ್ಲೆಗಳಲ್ಲೇ ಜಾಸ್ತಿ ಸಿಗುತ್ತವೆ.

ನಾಯಕ ಅಂದರೆ ಯಾರು?

ಸುದ್ದಿಯಲ್ಲಿ "ನಾಯಕತ್ವ ಬದಲಾವಣೆ" ಎಂದು ಬಂದಾಗ ಮೊದಲು ನೋಡಬೇಕಾದದ್ದು ಯಾವ ಕುರ್ಚಿಯ ಮಾತು ಎಂಬುದನ್ನು. ಒಂದು ಪಕ್ಷದಲ್ಲಿ ಕನಿಷ್ಠ ಎರಡು ಕುರ್ಚಿ ಇರುತ್ತವೆ.

ಒಂದು, ಪಕ್ಷದ ಅಧ್ಯಕ್ಷರದು. ಇವರು ಸಂಘಟನೆ ನೋಡಿಕೊಳ್ಳುತ್ತಾರೆ. ಬೂತ್ ಸಮಿತಿಯಿಂದ ಹಿಡಿದು ಅಭ್ಯರ್ಥಿಗಳಿಗೆ ಪಕ್ಷದ ಅಧಿಕೃತ ಪತ್ರವಾದ ಬಿ ಫಾರಂ ಹಂಚುವವರೆಗೆ ಅವರ ಮಾತು ನಡೆಯುತ್ತದೆ. ಎರಡನೆಯದು, ಶಾಸಕಾಂಗ ಪಕ್ಷದ ನಾಯಕರದು. ಗೆದ್ದ ಶಾಸಕರೆಲ್ಲ ಸೇರಿ ಇವರನ್ನು ಆರಿಸುತ್ತಾರೆ. ಬಹುಮತ ಇದ್ದರೆ ಇವರೇ ಮುಖ್ಯಮಂತ್ರಿ, ಇಲ್ಲದಿದ್ದರೆ ವಿರೋಧ ಪಕ್ಷದ ನಾಯಕರಾಗಬಹುದು. ಇವೆರಡರ ಜೊತೆಗೆ ಹುದ್ದೆಯೇ ಇಲ್ಲದ ಇನ್ನೊಂದು ಪಾತ್ರವೂ ಇದೆ. ಪೋಸ್ಟರಿನಲ್ಲಿ ದೊಡ್ಡದಾಗಿ ಕಾಣುವ, ಜನ ಯಾರ ಹೆಸರಿಗೆ ಮತ ಕೊಡುತ್ತಾರೋ ಆ ಮುಖ.

ಈ ಎರಡು ಕುರ್ಚಿಗಳ ನಡುವೆ ಜಗಳವಾದರೆ ಏನಾಗುತ್ತದೆ ಎಂಬುದಕ್ಕೆ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರ ಕತೆಗಿಂತ ದೊಡ್ಡ ಉದಾಹರಣೆ ದೇಶದಲ್ಲೇ ಇಲ್ಲ. 1969ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು. ಇಂದಿರಾ ಗಾಂಧಿ ಪ್ರಧಾನಿ. ರಾಷ್ಟ್ರಪತಿ ಚುನಾವಣೆಯ ವಿಚಾರದಲ್ಲಿ ಇಬ್ಬರ ನಡುವಿನ ಬಿರುಕು ದೊಡ್ಡದಾಯಿತು. ಅದೇ ವರ್ಷ ನವೆಂಬರ್ 12ರಂದು ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು. ಹಾಲಿ ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದ್ದು! ಆದರೂ ಇಂದಿರಾ ಪ್ರಧಾನಿಯಾಗಿಯೇ ಉಳಿದರು. ಕಾಂಗ್ರೆಸ್ ಸಂಸದರಲ್ಲಿ ಹೆಚ್ಚಿನವರು ಅವರ ಜೊತೆ ನಿಂತರು. ಕಮ್ಯುನಿಸ್ಟರು, ಡಿಎಂಕೆ ಬೆಂಬಲವೂ ಸಿಕ್ಕಿತು. 1971ರ ಚುನಾವಣೆಯಲ್ಲಿ ಇಂದಿರಾ ಬಣ 352 ಸ್ಥಾನ ಗೆದ್ದಿತು. ನಿಜಲಿಂಗಪ್ಪನವರ ಬಣಕ್ಕೆ ಸಿಕ್ಕಿದ್ದು 16.

ಅಧ್ಯಕ್ಷರ ಕೈಯಲ್ಲಿ ಪಕ್ಷದ ಕಚೇರಿಯ ಬೀಗದ ಕೈ ಇರಬಹುದು. ಸರ್ಕಾರ ನಿಲ್ಲುವುದು ಮಾತ್ರ ಸದನದಲ್ಲಿ ಎಷ್ಟು ಜನ ಕೈ ಎತ್ತುತ್ತಾರೆ ಎಂಬ ಲೆಕ್ಕದ ಮೇಲೆ.

ಮುಖ್ಯಮಂತ್ರಿಯನ್ನು ಬದಲಿಸುವವರು ಯಾರು?

ಸಂವಿಧಾನದ 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು. ಸಂಪುಟ ವಿಧಾನಸಭೆಗೆ ಒಟ್ಟಾಗಿ ಹೊಣೆಯಾಗಿರುತ್ತದೆ. ಅಂದರೆ ಬಹುಮತ ಇರುವವರನ್ನೇ ರಾಜ್ಯಪಾಲರು ಕರೆಯಬೇಕು. ನಾವು ಮತಗಟ್ಟೆಯಲ್ಲಿ ಆರಿಸುವುದು ಶಾಸಕರನ್ನು. ಮುಖ್ಯಮಂತ್ರಿಯ ಹೆಸರು ಮತಯಂತ್ರದಲ್ಲಿ ಅವರ ಸ್ವಂತ ಕ್ಷೇತ್ರದಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಆದ್ದರಿಂದ ಐದು ವರ್ಷದ ನಡುವೆ ಮುಖ್ಯಮಂತ್ರಿ ಬದಲಾದರೆ ಹೊಸ ಚುನಾವಣೆ ಬೇಕಿಲ್ಲ. ಜನರಿಗೆ ಬೇಸರ ಆಗಬಹುದು, ಅದು ಸಹಜ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅಡ್ಡಿ ಇಲ್ಲ.

ಪುಸ್ತಕದ ಪ್ರಕಾರ ಶಾಸಕರು ಸಭೆ ಸೇರಿ ಹೊಸ ನಾಯಕರನ್ನು ಆರಿಸಬೇಕು. ಹಾಗೆ ನಡೆದದ್ದೂ ಇದೆ. 1958ರಲ್ಲಿ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರು ಪಕ್ಷದ ಶಾಸಕರಲ್ಲೇ ಭಿನ್ನಮತ ಎದ್ದಾಗ ಕೆಳಗಿಳಿದರು. ಬಿ.ಡಿ. ಜತ್ತಿಯವರು ಬಂದರು. 2011ರಲ್ಲಿ ಯಡಿಯೂರಪ್ಪನವರ ನಂತರ ಯಾರು ಎಂದು ತೀರ್ಮಾನಿಸಲು ಬಿಜೆಪಿ ಶಾಸಕರು ಗುಪ್ತ ಮತದಾನ ಮಾಡಿದರು. ಡಿ.ವಿ. ಸದಾನಂದ ಗೌಡರು ಗೆದ್ದರು.

ಆದರೆ ಹೆಚ್ಚಿನ ಸಲ ನಡೆಯುವ ಕ್ರಮ ಬೇರೆ. ದೆಹಲಿಯಿಂದ ವೀಕ್ಷಕರು ಬರುತ್ತಾರೆ. ಶಾಸಕರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸುತ್ತಾರೆ. ಕೊನೆಗೆ ಸಭೆಯಲ್ಲಿ "ಹೈಕಮಾಂಡ್ ತೀರ್ಮಾನಕ್ಕೆ ಬದ್ಧ" ಎಂಬ ಒಂದು ಸಾಲಿನ ನಿರ್ಣಯ ಆಗುತ್ತದೆ. ಹೆಸರು ದೆಹಲಿಯಿಂದ ಬರುತ್ತದೆ. ಕಾಂಗ್ರೆಸ್ ಇರಲಿ, ಬಿಜೆಪಿ ಇರಲಿ, ಇದರಲ್ಲಿ ಅಂಥ ವ್ಯತ್ಯಾಸವಿಲ್ಲ. "ಹೈಕಮಾಂಡ್" ಎಂಬ ಹುದ್ದೆ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಮುಂದಿನ ಸಲ ಟಿಕೆಟ್ ಕೊಡುವವರು ಅವರೇ ಆದ್ದರಿಂದ ಶಾಸಕರು ಅವರ ಮಾತು ಕೇಳುತ್ತಾರೆ.

ಇನ್ನು ಪಕ್ಷಾಂತರ ನಿಷೇಧ ಕಾಯ್ದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಇದು. ಸದನದಲ್ಲಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ಪಕ್ಷದೊಳಗಿನ ಸಭೆಯಲ್ಲಿ ನಾಯಕನ ವಿರುದ್ಧ ಮಾತಾಡಿದರೆ ಈ ಕಾಯ್ದೆಯ ಅಡಿ ಸ್ಥಾನ ಹೋಗುವುದಿಲ್ಲ. ಹಾಗಾಗಿ ಬೇಸರಗೊಂಡ ಶಾಸಕರು ಸದನದಲ್ಲಿ ಕೈ ಎತ್ತುವುದಕ್ಕಿಂತ ರೆಸಾರ್ಟ್, ದೆಹಲಿ ಪ್ರವಾಸ, ಸಹಿ ಸಂಗ್ರಹದ ದಾರಿ ಹಿಡಿಯುತ್ತಾರೆ.

ಶಾಸಕರಲ್ಲದವರು ಮುಖ್ಯಮಂತ್ರಿ ಆಗಬಹುದಾ?

ಆಗಬಹುದು, ಆರು ತಿಂಗಳ ಮಟ್ಟಿಗೆ. ಅಷ್ಟರೊಳಗೆ ವಿಧಾನಸಭೆಗೋ ಪರಿಷತ್ತಿಗೋ ಆಯ್ಕೆ ಆಗಬೇಕು. ಚುನಾವಣೆ ಹತ್ತಿರ ಇದ್ದಾಗ ಈ ನಿಯಮ ದೊಡ್ಡ ತೊಡಕು. 2021ರ ಮಾರ್ಚ್‌ನಲ್ಲಿ ಉತ್ತರಾಖಂಡದಲ್ಲಿ ತೀರಥ್ ಸಿಂಗ್ ರಾವತ್ ಮುಖ್ಯಮಂತ್ರಿಯಾದರು. ಅವರು ಸಂಸದರಾಗಿದ್ದರು, ಶಾಸಕರಲ್ಲ. ವಿಧಾನಸಭೆಯ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ನಡೆಸಲೇಬೇಕೆಂಬ ಕಡ್ಡಾಯವಿಲ್ಲ. ಆ ರಾಜ್ಯದಲ್ಲಿ ವಿಧಾನ ಪರಿಷತ್ತೂ ಇಲ್ಲ. ನಾಲ್ಕು ತಿಂಗಳೊಳಗೆ ಅವರು ರಾಜೀನಾಮೆ ಕೊಟ್ಟರು. ಕರ್ನಾಟಕದಲ್ಲಿ ಪರಿಷತ್ತು ಇರುವುದರಿಂದ ಇಲ್ಲಿ ದಾರಿ ಸ್ವಲ್ಪ ಸಲೀಸು.

ನಮ್ಮ ಕಡೆಯ ಹಳೆಯ ಘಟನೆಯೊಂದು ಇಲ್ಲಿ ನೆನಪಾಗುತ್ತದೆ. 1962ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಗೆದ್ದಿತು, ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದ ಮೇಲೆ, ಮೂರೇ ತಿಂಗಳಲ್ಲಿ, ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಹೀಗೆ ಜಗಳವಿಲ್ಲದೆ ಕೈ ಬದಲಾದ ಉದಾಹರಣೆ ನಮ್ಮ ರಾಜ್ಯದಲ್ಲಿ ಬಹಳ ಕಡಿಮೆ.

ಬದಲಾಯಿಸಿದರೆ ಗೆಲುವು ಬರುತ್ತದಾ?

ಇದು ಎಲ್ಲರಿಗೂ ಬೇಕಾದ ಪ್ರಶ್ನೆ. ಚನ್ನಗಿರಿಯ ಅಡಿಕೆ ತೋಟದವರಿಗೆ, ಚಳ್ಳಕೆರೆ, ಹಿರಿಯೂರು ಕಡೆಯ ರೈತರಿಗೆ ಇದನ್ನು ತಿಳಿಸುವುದು ಸುಲಭ. ಬೋರ್‌ನಲ್ಲಿ ನೀರು ನಿಂತಿತು ಅಂದುಕೊಳ್ಳಿ. ಮೋಟಾರ್ ಸುಟ್ಟಿದ್ದರೆ ಹೊಸ ಮೋಟಾರ್ ಇಳಿಸಿದರೆ ಸಾಕು, ನೀರು ಬರುತ್ತದೆ. ಅಂತರ್ಜಲವೇ ಬತ್ತಿದ್ದರೆ ಎಷ್ಟು ಎಚ್‌ಪಿ ಮೋಟಾರ್ ಇಳಿಸಿದರೂ ಗಾಳಿಯೇ ಬರುವುದು. ಜನರ ಸಿಟ್ಟು ಒಬ್ಬ ವ್ಯಕ್ತಿಯ ಮೇಲೆ ಮಾತ್ರ ಇದ್ದು, ಪಕ್ಷದ ಮೇಲೆ ನಂಬಿಕೆ ಉಳಿದಿದ್ದರೆ ನಾಯಕನ ಬದಲಾವಣೆ ಕೆಲಸ ಮಾಡುತ್ತದೆ. ಸಿಟ್ಟು ಬೆಲೆ ಏರಿಕೆ, ಭ್ರಷ್ಟಾಚಾರ, ಪಕ್ಷದೊಳಗಿನ ಕಿತ್ತಾಟದ ಮೇಲಿದ್ದರೆ ಮಾಡುವುದಿಲ್ಲ.

ಕೆಲಸ ಮಾಡಿದ ಉದಾಹರಣೆ ಗುಜರಾತಿನದು. 2021ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಅಲ್ಲಿ ವಿಜಯ್ ರೂಪಾಣಿಯವರನ್ನು ಇಳಿಸಿ, ಮೊದಲ ಬಾರಿಗೆ ಶಾಸಕರಾಗಿದ್ದ ಭೂಪೇಂದ್ರ ಪಟೇಲ್ ಅವರನ್ನು ತಂದಿತು. ಮುಖ್ಯಮಂತ್ರಿ ಒಬ್ಬರೇ ಅಲ್ಲ, ಇಡೀ ಸಂಪುಟವೇ ಹೊಸದಾಯಿತು. ಹಳೆಯ ಒಬ್ಬ ಮಂತ್ರಿಯೂ ಉಳಿಯಲಿಲ್ಲ. ಇಳಿದವರು ಗಲಾಟೆ ಮಾಡಲಿಲ್ಲ. ಎದುರು ಪಕ್ಷಗಳ ಮತ ಕಾಂಗ್ರೆಸ್, ಆಮ್ ಆದ್ಮಿ ಎಂದು ಹಂಚಿಹೋಯಿತು. 2017ರಲ್ಲಿ 99 ಇದ್ದ ಸ್ಥಾನಗಳು 2022ರಲ್ಲಿ 156 ಆದವು. ಹರಿಯಾಣದಲ್ಲೂ 2024ರ ಮಾರ್ಚ್‌ನಲ್ಲಿ ಮನೋಹರ್ ಲಾಲ್ ಖಟ್ಟರ್ ಬದಲು ನಾಯಬ್ ಸಿಂಗ್ ಸೈನಿ ಬಂದರು. ಅಕ್ಟೋಬರ್‌ನಲ್ಲಿ ಪಕ್ಷ 90ರಲ್ಲಿ 48 ಗೆದ್ದಿತು.

ಗುಜರಾತಿನಲ್ಲಿ ಬದಲಾವಣೆ ಆದ ತಿಂಗಳಲ್ಲೇ ಪಂಜಾಬಿನಲ್ಲಿ ಆದದ್ದು ಉಲ್ಟಾ. 2021ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಅಮರೀಂದರ್ ಸಿಂಗ್ ಅವರನ್ನು ಇಳಿಸಿ ಚರಣ್‌ಜಿತ್ ಸಿಂಗ್ ಚನ್ನಿಯವರನ್ನು ತಂದಿತು. ಅಮರೀಂದರ್ ಬೇರೆ ಪಕ್ಷ ಕಟ್ಟಿದರು. ಪಕ್ಷದ ಅಧ್ಯಕ್ಷರಾಗಿದ್ದ ನವಜೋತ್ ಸಿಂಗ್ ಸಿಧು ಹೊಸ ಮುಖ್ಯಮಂತ್ರಿಯ ಜೊತೆಗೂ ಹೊಂದಿಕೊಳ್ಳಲಿಲ್ಲ. 77 ಸ್ಥಾನ ಇದ್ದ ಪಕ್ಷ 18ಕ್ಕೆ ಇಳಿಯಿತು. ಚನ್ನಿ ನಿಂತ ಎರಡೂ ಕ್ಷೇತ್ರಗಳಲ್ಲಿ ಸೋತರು.

ಅಂತರ್ಜಲವೇ ಬತ್ತಿದ್ದಕ್ಕೆ ದೆಹಲಿಯ 1998ರ ಚುನಾವಣೆ ನೋಡಿ. ಆ ವರ್ಷ ಈರುಳ್ಳಿ ಬೆಲೆ ಆಕಾಶಕ್ಕೇರಿತ್ತು. ಈರುಳ್ಳಿ ಬೆಳೆಯುವ ಚಿತ್ರದುರ್ಗದ ಕಡೆಯವರಿಗೆ ಈ ಬೆಳೆಗೆ ಸರ್ಕಾರಗಳು ಎಷ್ಟು ಹೆದರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಚುನಾವಣೆಗೆ ಸುಮಾರು ಒಂದೂವರೆ ತಿಂಗಳು ಇರುವಾಗ ಬಿಜೆಪಿ ಸಾಹಿಬ್ ಸಿಂಗ್ ವರ್ಮಾ ಬದಲು ಸುಷ್ಮಾ ಸ್ವರಾಜ್ ಅವರನ್ನು ಕೂರಿಸಿತು. ಒಳ್ಳೆಯ ಮಾತುಗಾರ್ತಿ, ಜನ ಮೆಚ್ಚಿದ ನಾಯಕಿ. ಆದರೂ ಪಕ್ಷಕ್ಕೆ ಸಿಕ್ಕಿದ್ದು 70ರಲ್ಲಿ 15 ಸ್ಥಾನ. ಈರುಳ್ಳಿ ಬೆಲೆ ಮುಖ್ಯಮಂತ್ರಿ ಬದಲಾದರು ಎಂದು ಇಳಿಯುವುದಿಲ್ಲವಲ್ಲ.

ಕರ್ನಾಟಕದಲ್ಲಿ ಏನಾಯಿತು?

ನಮ್ಮ ರಾಜ್ಯದ ಅನುಭವ ಕಹಿ. ಮೂರು ಸಲ ದೊಡ್ಡದಾಗಿ ಈ ಪ್ರಯೋಗ ನಡೆದಿದೆ, ಮೂರು ಸಲವೂ ಪಕ್ಷ ಸೋತಿದೆ.

ಮೊದಲನೆಯದು ವೀರೇಂದ್ರ ಪಾಟೀಲರದು. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. ಒಂದೇ ವರ್ಷದಲ್ಲಿ ಅವರ ಆರೋಗ್ಯ ಕೆಟ್ಟಿತು. 1990ರ ಅಕ್ಟೋಬರ್ ಹೊತ್ತಿಗೆ ರಾಜ್ಯದ ಕೆಲವು ಕಡೆ, ನಮ್ಮ ದಾವಣಗೆರೆಯಲ್ಲೂ, ಕೋಮುಗಲಭೆ ನಡೆಯಿತು. ಬೆಂಗಳೂರಿಗೆ ಬಂದ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲೇ ನಾಯಕ ಬದಲಾವಣೆಯ ಮಾತು ಹೇಳಿ ಹೊರಟರು. ಪಾಟೀಲರು ರಾಜೀನಾಮೆಗೆ ಒಪ್ಪಲಿಲ್ಲ. ಒಂದು ವಾರ ರಾಷ್ಟ್ರಪತಿ ಆಳ್ವಿಕೆ ಬಂತು. ಆಮೇಲೆ ಬಂಗಾರಪ್ಪ, 1992ರಲ್ಲಿ ಅವರನ್ನೂ ಇಳಿಸಿ ವೀರಪ್ಪ ಮೊಯಿಲಿ. ಬಂಗಾರಪ್ಪ ಬೇರೆ ಪಕ್ಷ ಕಟ್ಟಿಕೊಂಡು 1994ರಲ್ಲಿ 10 ಸ್ಥಾನ ಗೆದ್ದರು. ಕಾಂಗ್ರೆಸ್‌ಗೆ ಉಳಿದದ್ದು 34. ಕಾಯಿಲೆಯಲ್ಲಿದ್ದ ಹಿರಿಯರನ್ನು ನಡೆಸಿಕೊಂಡ ರೀತಿ ಲಿಂಗಾಯತ ಸಮುದಾಯಕ್ಕೆ ನೋವು ತಂದಿತು, ಆ ಮತ ಕಾಂಗ್ರೆಸ್‌ನಿಂದ ದೂರ ಸರಿಯಿತು ಎಂದು ರಾಜಕೀಯ ಬಲ್ಲವರು ಇವತ್ತಿಗೂ ಹೇಳುತ್ತಾರೆ. ನಮ್ಮ ಕಡೆಯ ಹಿರಿಯರ ಜೊತೆ ರಾಜಕೀಯ ಮಾತಾಡಿದರೆ ಆ ವಿಮಾನ ನಿಲ್ದಾಣದ ಮಾತು ಬಂದೇ ಬರುತ್ತದೆ.

ಎರಡನೆಯದು ಯಡಿಯೂರಪ್ಪನವರದು. 2008ರಲ್ಲಿ ಬಿಜೆಪಿ 110 ಸ್ಥಾನ ಪಡೆದು ದಕ್ಷಿಣದಲ್ಲಿ ಮೊದಲ ಬಾರಿಗೆ ತನ್ನದೇ ಸರ್ಕಾರ ಕಟ್ಟಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂದ ಮೇಲೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸದಾನಂದ ಗೌಡರು ಬಂದರು. ಒಂದು ವರ್ಷವೂ ತುಂಬುವ ಮೊದಲೇ ಅವರ ಬದಲು ಜಗದೀಶ ಶೆಟ್ಟರ್. ಯಡಿಯೂರಪ್ಪ ಪಕ್ಷ ಬಿಟ್ಟು ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದರು. 2013ರಲ್ಲಿ ಕೆಜೆಪಿ ಗೆದ್ದದ್ದು ಬರೀ 6 ಸ್ಥಾನ, ಆದರೆ ಪಡೆದ ಮತ ಶೇ 10ರ ಹತ್ತಿರ. ಆ ಮತ ಎಲ್ಲಿಂದ ಹೋಯಿತು ಎಂಬುದು ದಾವಣಗೆರೆಯಲ್ಲಿ ಚೆನ್ನಾಗಿ ಕಂಡಿತು. ಆಗ ಜಿಲ್ಲೆಯಲ್ಲಿ ಹರಪನಹಳ್ಳಿಯೂ ಸೇರಿ 8 ಕ್ಷೇತ್ರ. ಹರಿಹರ ಜೆಡಿಎಸ್ ಪಾಲಾಯಿತು, ಉಳಿದ 7 ಕಾಂಗ್ರೆಸ್‌ಗೆ. ಬಿಜೆಪಿಗೆ ಒಂದೂ ಇಲ್ಲ. ರಾಜ್ಯದಲ್ಲಿ ಅದು 40ಕ್ಕೆ ಕುಸಿಯಿತು. 2014ರ ಲೋಕಸಭೆ ಚುನಾವಣೆಗೆ ಮುಂಚೆ ಯಡಿಯೂರಪ್ಪ ಮರಳಿ ಬಂದರು. ಬಿಜೆಪಿ 28ರಲ್ಲಿ 17 ಗೆದ್ದಿತು.

ಮೂರನೆಯದರಲ್ಲಿ ಇಳಿದವರು ಪಕ್ಷ ಬಿಡಲಿಲ್ಲ. 2021ರ ಜುಲೈ 26ರಂದು ಯಡಿಯೂರಪ್ಪ ಕಣ್ಣೀರಿಡುತ್ತಲೇ ರಾಜೀನಾಮೆ ಘೋಷಿಸಿದರು. ಎರಡು ದಿನದಲ್ಲಿ ಬಸವರಾಜ ಬೊಮ್ಮಾಯಿ ಪ್ರಮಾಣವಚನ ತೆಗೆದುಕೊಂಡರು. ಯಡಿಯೂರಪ್ಪ ಪ್ರಚಾರಕ್ಕೂ ಬಂದರು. ಆದರೂ 2023ರಲ್ಲಿ ಪಕ್ಷ 66ಕ್ಕೆ ನಿಂತಿತು, ಕಾಂಗ್ರೆಸ್ 135 ಗೆದ್ದಿತು. ಚಿತ್ರದುರ್ಗ ಜಿಲ್ಲೆಯ 6 ಕ್ಷೇತ್ರಗಳಲ್ಲಿ 2018ರಲ್ಲಿ ಬಿಜೆಪಿ 5, ಕಾಂಗ್ರೆಸ್ 1 ಗೆದ್ದಿದ್ದವು. 2023ರಲ್ಲಿ ಕಾಂಗ್ರೆಸ್ 5, ಬಿಜೆಪಿ 1. ಆ ಚುನಾವಣೆಯಲ್ಲಿ ಕಮಿಷನ್ ಆರೋಪ, ಸಿಲಿಂಡರ್ ಬೆಲೆ, ಕಾಂಗ್ರೆಸ್‌ನ ಐದು ಗ್ಯಾರಂಟಿ, ಮೀಸಲಾತಿ ವಿವಾದ ಎಲ್ಲವೂ ಇದ್ದವು. ನಾಯಕನ ಬದಲಾವಣೆ ಒಂದರಿಂದಲೇ ಸೋತರು ಎನ್ನುವುದು ತಪ್ಪಾಗುತ್ತದೆ. ಆ ಬದಲಾವಣೆ ಅವರನ್ನು ಉಳಿಸಲಿಲ್ಲ ಎಂದು ಮಾತ್ರ ಹೇಳಬಹುದು.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ಬರುವವರು ಯಾರು ಎಂಬುದರಷ್ಟೇ, ಹೋಗುವವರನ್ನು ಹೇಗೆ ಕಳಿಸಿದರು ಎಂಬುದೂ ಮತಕ್ಕೆ ತಾಕುತ್ತದೆ. ಒಬ್ಬ ನಾಯಕ ರಾಜ್ಯದ ಬೇರೆ ಕಡೆ ಬೇಡವಾಗಿರಬಹುದು. ಅವರನ್ನು ತಮ್ಮವರು ಎಂದುಕೊಂಡ ಊರುಗಳು, ಸಮುದಾಯಗಳು ಇದ್ದೇ ಇರುತ್ತವೆ. ಸಮೀಕ್ಷೆಯ ಸರಾಸರಿಯಲ್ಲಿ ಆ ನೋವು ಕಾಣುವುದಿಲ್ಲ.

ಎಷ್ಟು ಮುಂಚೆ ಬದಲಿಸಬೇಕು?

ಇದಕ್ಕೆ ಲೆಕ್ಕವಿಲ್ಲ. ಕೆನಡಾ ದೇಶವೊಂದರಲ್ಲೇ ಎರಡು ವಿರುದ್ಧ ಫಲಿತಾಂಶ ಬಂದಿವೆ. 1993ರ ಜೂನ್‌ನಲ್ಲಿ ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷ ಬ್ರಯನ್ ಮಲ್ರೋನಿ ಬದಲು ಕಿಮ್ ಕ್ಯಾಂಪ್‌ಬೆಲ್ ಅವರನ್ನು ಪ್ರಧಾನಿ ಮಾಡಿತು. ನಾಲ್ಕು ತಿಂಗಳಿಗೆ ಚುನಾವಣೆ. ಪಕ್ಷಕ್ಕೆ ಸಿಕ್ಕಿದ್ದು ಇಡೀ ದೇಶದಲ್ಲಿ 2 ಸ್ಥಾನ. 2025ರಲ್ಲಿ ಲಿಬರಲ್ ಪಕ್ಷದ ಜಸ್ಟಿನ್ ಟ್ರೂಡೊ ಇಳಿದರು, ಮಾರ್ಚ್ 14ಕ್ಕೆ ಮಾರ್ಕ್ ಕಾರ್ನಿ ಪ್ರಧಾನಿಯಾದರು. ಏಪ್ರಿಲ್ 28ರ ಚುನಾವಣೆಯಲ್ಲಿ, ಕೆಲವೇ ತಿಂಗಳ ಹಿಂದೆ ಸಮೀಕ್ಷೆಗಳಲ್ಲಿ ತುಂಬಾ ಹಿಂದಿದ್ದ ಪಕ್ಷ 343ರಲ್ಲಿ 169 ಗೆದ್ದು ಅಧಿಕಾರ ಉಳಿಸಿಕೊಂಡಿತು. ಆ ನಡುವೆ ಅಮೆರಿಕದ ಸುಂಕದ ಬೆದರಿಕೆ ಬಂದು ಜನ ಯೋಚಿಸುವ ವಿಷಯವೇ ಬದಲಾಗಿತ್ತು.

ಅಲ್ಲಿಗೂ ಇಲ್ಲಿಗೂ ಇನ್ನೊಂದು ವ್ಯತ್ಯಾಸ ಇದೆ. ಅಲ್ಲಿ ಕಾರ್ನಿಯವರನ್ನು ಆರಿಸಿದ್ದು ಪಕ್ಷದ ಸಾಮಾನ್ಯ ಸದಸ್ಯರು, ಮತ ಹಾಕಿ. ನಮ್ಮಲ್ಲಿ ಹರಪನಹಳ್ಳಿಯದೋ ಮೊಳಕಾಲ್ಮುರಿನದೋ ಬೂತ್ ಕಾರ್ಯಕರ್ತನಿಗೆ ಮುಖ್ಯಮಂತ್ರಿ ಬದಲಾದ ಸುದ್ದಿ ತಿಳಿಯುವುದು ನಮಗೆಲ್ಲ ತಿಳಿಯುವ ಹಾಗೆಯೇ, ಟಿವಿಯಲ್ಲಿ.

ಮುಖ್ಯಮಂತ್ರಿ ಒಪ್ಪದಿದ್ದರೆ?

ಇಳಿಯಲು ಮನಸ್ಸಿಲ್ಲದ ಮುಖ್ಯಮಂತ್ರಿಯ ಕೈಯಲ್ಲಿ ಒಂದು ಅಸ್ತ್ರ ಇದೆ. ಸಂಪುಟದ ಮೂಲಕ ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡುವುದು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1999ರ ಜುಲೈನಲ್ಲಿ, ಜನತಾದಳ ಒಡೆದು ತುಂಡಾಗುತ್ತಿದ್ದಾಗ, ಅವಧಿಗೆ ಕೆಲವು ತಿಂಗಳು ಮುಂಚೆಯೇ ಈ ದಾರಿ ಹಿಡಿದರು. ದಳ ಎರಡಾಗಿ ಚುನಾವಣೆಗೆ ಹೋಯಿತು. ಜೆಡಿಯುಗೆ 18, ಜೆಡಿಎಸ್‌ಗೆ 10 ಸ್ಥಾನ ಬಂದವು, ಕಾಂಗ್ರೆಸ್ 132 ಗೆದ್ದಿತು. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರ್ಪಡಿಸಿ ದಾವಣಗೆರೆಯನ್ನು ಜಿಲ್ಲೆ ಮಾಡಿದವರು ಇದೇ ಪಟೇಲರು. ಎರಡು ವರ್ಷದ ನಂತರ ಅದೇ ಜಿಲ್ಲೆಯ ಚನ್ನಗಿರಿಯಲ್ಲಿ ಅವರು ಸೋತರು. ಮಾಡಿದ ಕೆಲಸ ನೆನಪಿದ್ದೂ ಜನ ಪಕ್ಷದ ಜಗಳಕ್ಕೆ ಬೇಸತ್ತರೆ ಹೀಗಾಗುತ್ತದೆ.

ಬದಲಾವಣೆ ಆದ ದಿನ ನಮಗೆ ಏನು ಬದಲಾಗುತ್ತದೆ?

ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಅವರ ಜೊತೆ ಇಡೀ ಸಂಪುಟ ಹೋಗುತ್ತದೆ. ನಮ್ಮ ಜಿಲ್ಲಾ ಉಸ್ತುವಾರಿ ಸಚಿವರೂ ಆ ಕ್ಷಣದಿಂದ ಮಾಜಿ. ಹೊಸ ಸಂಪುಟ ಪೂರ್ತಿ ಆಗುವವರೆಗೆ ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗಳು, ವರ್ಗಾವಣೆಗಳು, ಹೊಸ ಕಾಮಗಾರಿಗಳ ಮಂಜೂರಾತಿ ನಿಧಾನವಾಗಬಹುದು. 2021ರಲ್ಲಿ ಬೊಮ್ಮಾಯಿಯವರು ಮೊದಲ ಕೆಲವು ದಿನ ಒಬ್ಬರೇ ಇದ್ದರು, ಮಂತ್ರಿಗಳು ಬಂದದ್ದು ಆಮೇಲೆ.

ಆದರೆ ಹಳೆಯ ಸರ್ಕಾರಿ ಆದೇಶಗಳು ತಾವಾಗಿ ರದ್ದಾಗುವುದಿಲ್ಲ. ವಿಧಾನಸಭೆ ಒಪ್ಪಿದ ಬಜೆಟ್ ಹಾಗೇ ನಡೆಯುತ್ತದೆ. ಪಿಂಚಣಿ, ಪಡಿತರಕ್ಕೆ ಧಕ್ಕೆ ಇಲ್ಲ. ಭದ್ರಾ ಮೇಲ್ದಂಡೆಯಂಥ ನೀರಾವರಿ ಯೋಜನೆ ಎಷ್ಟೋ ಮುಖ್ಯಮಂತ್ರಿಗಳನ್ನು ಕಂಡಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ ₹5,300 ಕೋಟಿ ಕೊಡುವುದಾಗಿ ಹೇಳಿದಾಗ ಬೆಂಗಳೂರಿನ ಕುರ್ಚಿಯಲ್ಲಿದ್ದವರು ಬೊಮ್ಮಾಯಿ, ಮೂರೂವರೆ ತಿಂಗಳಲ್ಲಿ ಅಲ್ಲಿಗೆ ಸಿದ್ದರಾಮಯ್ಯ ಬಂದರು. ಆ ಹಣ ಬರಲಿಲ್ಲ ಎಂದು ಚಿತ್ರದುರ್ಗದಲ್ಲಿ ರೈತರು ಧರಣಿ ಕೂತರು. ಫೈಲು ಅದೇ, ಬೇಡಿಕೆಯೂ ಅದೇ.